ಅನಿಲ ಟ್ಯಾಂಕರುಗಳ ಮಾಲೀಕರಿಗೆ ಒಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಜಿಲ್ಲೆಯ ಅಡುಗೆ ಅನಿಲ ಟ್ಯಾಂಕರುಗಳ ಮಾಲೀಕ ಮಹಾಶಯರಿಗೆ,



ಪಣಂಬೂರು, ಬೈಕಂಪಾಡಿ, ಸುರತ್ಕಲ್ಲುಗಳ ನಡುವಣ ಹೆದ್ದಾರಿಯ ಇಕ್ಕೆಲಗಳಲ್ಲಿ ಸಾಲುಗಟ್ಟಿ ನಿಲ್ಲುವ ಬುಲೆಟ್ ಟ್ಯಾಂಕರುಗಳನ್ನೂ, ಅವುಗಳ ಬೆನ್ನಿಗಿರುವ ಬ್ಯಾಂಕಿನ ಸಾಲಗಳನ್ನೂ, ಆ ಸಾಲದ ಕಂತು ತೀರುವವರೆಗೆ ತಾವು ಪಡುವ ಪಾಡನ್ನೂ ಒಂದು ಸಾರಿಗೆ ಕಚೇರಿಯ ಮೇಜಿನಾಚೆ ಕುಳಿತು ಬಹುಕಾಲ ಕಂಡವನಾದ ನಾನು, ತೈಲ ಕಂಪೆನಿಗಳ ಸುರಕ್ಷತಾ ಆಡಿಟ್ ಸಮೀಪಿಸುತ್ತಿರುವ ಈ ಸಮಯದಲ್ಲಿ ತಮ್ಮೆಲ್ಲರನ್ನೂ ಒಟ್ಟಾಗಿ ಸಂಬೋಧಿಸಿ ನಾಲ್ಕು ಮಾತು ಬರೆಯುವುದು ಅಧಿಕಪ್ರಸಂಗವೆನಿಸಲಾರದೆಂದು ನಂಬಿದ್ದೇನೆ. ಹತ್ತಾರು ಗಾಡಿಗಳ ದೊಡ್ಡ ಸಂಸ್ಥೆಗಳಿಗೆ ಇದಕ್ಕೆಂದೇ ನೇಮಿಸಿದ ಅಧಿಕಾರಿಗಳಿರುತ್ತಾರೆ. ಎರಡು, ಮೂರು, ಐದು ಗಾಡಿಗಳನ್ನಿಟ್ಟುಕೊಂಡು ತಾವೇ ಮಾಲೀಕರೂ ತಾವೇ ಮ್ಯಾನೇಜರೂ ಆಗಿ, ಕೆಲವೊಮ್ಮೆ ತಾವೇ ಚಾಲಕರೂ ಆಗಿ ದುಡಿಯುವವರನ್ನು ವಿಶೇಷವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಆಡಿಟಿನ ದಿನ ಗೊತ್ತಾಯಿತೆಂದರೆ ನಮ್ಮ ಕಚೇರಿಗಳಲ್ಲಿ ಏನು ನಡೆಯುತ್ತದೆಂಬುದನ್ನು ತಾವೂ ಬಲ್ಲಿರಿ, ನಾನೂ ಬಲ್ಲೆ. ಅಲ್ಲಿಯವರೆಗೆ ಮುಟ್ಟದಿದ್ದ ರಿಜಿಸ್ಟರುಗಳು ಕಪಾಟಿನಿಂದ ಕೆಳಗಿಳಿಯುತ್ತವೆ. ಗುಮಾಸ್ತನೊಬ್ಬನು ರಾತ್ರಿಯೆಲ್ಲ ಕುಳಿತು ಆರು ತಿಂಗಳ ತಪಾಸಣೆಯ ಪಟ್ಟಿಗಳನ್ನು ಒಂದೇ ಪೆನ್ನಿನಿಂದ, ಒಂದೇ ಕೈಬರಹದಲ್ಲಿ ತುಂಬಿ ಮುಗಿಸುತ್ತಾನೆ. ಪಕ್ಕದ ಯಾರ್ಡಿನಿಂದ ಬೆಂಕಿ ಆರಿಸುವ ಸಿಲಿಂಡರುಗಳು ಎರವಲು ಬರುತ್ತವೆ. ಚಾಲಕರಿಗೆ ಬೆಳಗ್ಗೆ ಹಂಚಿದ ಹೊಸ ಶೂ, ಹೆಲ್ಮೆಟ್, ಕೈಗವಸುಗಳು ಸಂಜೆ ಮರಳಿ ಕಪಾಟು ಸೇರುತ್ತವೆ. ಹೀಗೆ ಮಾಡುವವರೆಲ್ಲ ದುಷ್ಟರೆಂದು ನಾನು ಹೇಳಲಾರೆ. ಬಹುಮಂದಿ ಸಜ್ಜನರು, ಗುತ್ತಿಗೆ ಕೈತಪ್ಪಿದರೆ ಸಂಸಾರ ಬೀದಿಗೆ ಬಂದೀತೆಂಬ ಭಯದಿಂದ ಹೀಗೆ ನಡೆಯುತ್ತಾರೆ. ಆದರೆ ಆ ಒಂದು ದಿನ ಕಳೆದ ಮೇಲೆ ಅದೇ ಗಾಡಿ, ಅದೇ ಚಾಲಕ, ಅದೇ ಸವೆದ ಟೈರಿನೊಡನೆ ಶಿರಾಡಿ ಘಾಟಿಯನ್ನು ಏರಲು ಹೊರಡುತ್ತಾನೆಂಬುದನ್ನು ನೆನೆದಾಗ, ಆಡಿಟಿನಲ್ಲಿ ದೊರೆತ ಅಂಕಗಳಿಂದ ಯಾರಿಗೆ ಏನು ರಕ್ಷಣೆಯಾಯಿತೆಂದು ಕೇಳದಿರಲಾಗುವುದಿಲ್ಲ.

ನಮ್ಮ ಗಾಡಿಗಳು ಹೊರುವ ಸರಕು ಅಕ್ಕಿಯಲ್ಲ, ಸಿಮೆಂಟಲ್ಲ. ಸುಮಾರು 18 ಟನ್ ಅನಿಲವನ್ನು ಒತ್ತಡದಲ್ಲಿ ದ್ರವವಾಗಿಸಿ ತುಂಬಿದ ಒಂದು ಬುಲೆಟ್ ಟ್ಯಾಂಕರೆಂದರೆ, 14.2 ಕಿಲೋಗ್ರಾಮಿನ ಮನೆಬಳಕೆಯ ಸಿಲಿಂಡರುಗಳ ಲೆಕ್ಕದಲ್ಲಿ 1,200ಕ್ಕೂ ಹೆಚ್ಚು ಸಿಲಿಂಡರುಗಳು ಒಟ್ಟಿಗೆ ರಸ್ತೆಯ ಮೇಲೆ ಹೊರಟಂತೆ. ಆ ದ್ರವದ ಒಂದು ಲೀಟರು ಹೊರಬಿದ್ದರೆ ಸುಮಾರು 250 ಲೀಟರು ಆವಿಯಾಗುತ್ತದೆ. ಆ ಆವಿಯು ಗಾಳಿಗಿಂತ ಭಾರವಾದುದರಿಂದ ಮೇಲೇರಿ ಚದುರದೆ, ನೆಲವನ್ನೇ ಹಿಡಿದು, ತಗ್ಗನ್ನು ಅರಸಿಕೊಂಡು ಚರಂಡಿ, ತೋಡು, ತೋಟಗಳ ಮೂಲಕ ಮನೆಯ ಒಲೆಯವರೆಗೂ ಹರಿದು ಹೋಗಬಲ್ಲುದು. 2012ರ ಆಗಸ್ಟ್ 27ರ ರಾತ್ರಿ ಕೇರಳದ ಕಣ್ಣೂರಿನ ಚಾಲದಲ್ಲಿ ಉರುಳಿಬಿದ್ದು ಸ್ಫೋಟಿಸಿ 20 ಮಂದಿಯ ಪ್ರಾಣ ತೆಗೆದುಕೊಂಡ ಟ್ಯಾಂಕರು ಹೊರಟದ್ದು ನಮ್ಮ ಮಂಗಳೂರಿನಿಂದ. ಅದಾಗಿ ಒಂದು ವರ್ಷ ತುಂಬುವುದರೊಳಗೆ, 2013ರ ಏಪ್ರಿಲ್ 9ರಂದು, ಉಪ್ಪಿನಂಗಡಿಗೆ ಸಮೀಪದ ಪೆರ್ನೆಯಲ್ಲಿ ಇನ್ನೊಂದು ಟ್ಯಾಂಕರು ಮಗುಚಿ, ಸೋರಿದ ಅನಿಲಕ್ಕೆ ಬೆಂಕಿ ತಗುಲಿ, ರಸ್ತೆಯ ಬದಿಯ ಮನೆಗಳಲ್ಲಿದ್ದವರು ಬೆಂದುಹೋದರು. ಆ ಮನೆಗಳವರು ನಮ್ಮ ಗಾಡಿಯನ್ನು ಬಾಡಿಗೆಗೆ ಕರೆದವರಲ್ಲ, ನಮ್ಮ ಲಾಭದಲ್ಲಿ ಪಾಲುದಾರರೂ ಅಲ್ಲ. ಆಡಿಟನ್ನು ಕಂಪೆನಿಯ ಕಿರುಕುಳವೆಂದು ಬಗೆಯುವ ಮಿತ್ರರು ಮಾಣಿಯಿಂದ ಉಪ್ಪಿನಂಗಡಿಯ ಕಡೆಗೆ ಹೋಗುವಾಗ ಪೆರ್ನೆಯಲ್ಲಿ ಒಂದು ಗಳಿಗೆ ಆ ಮನೆಗಳವರನ್ನು ನೆನೆಯಬೇಕೆಂದು ನನ್ನ ಪ್ರಾರ್ಥನೆ.

ಇನ್ನು ಕಾಗದಪತ್ರಗಳ ವಿಷಯ. ಇದನ್ನು ನಾನು ಹೆಚ್ಚು ಬೆಳೆಸುವುದಿಲ್ಲ, ಏಕೆಂದರೆ ಇದರಲ್ಲಿ ಬೇಕಾದುದು ಬುದ್ಧಿಗಿಂತ ಶ್ರದ್ಧೆ. ಆರ್‌ಸಿ, ಪರ್ಮಿಟ್, ಇನ್ಶೂರೆನ್ಸ್, ತೆರಿಗೆ, ಹೊಗೆ ತಪಾಸಣೆಯ ಪತ್ರ ಇವು ಎಲ್ಲ ಲಾರಿಗಳಿಗೂ ಇರುವಂಥವೇ; ಎಫ್‌ಸಿ ಎಂಬ ಯೋಗ್ಯತಾ ಪತ್ರವನ್ನು ಎಂಟು ವರ್ಷದವರೆಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆಯೂ ಅದಕ್ಕಿಂತ ಹಳೆಯ ಗಾಡಿಗೆ ಪ್ರತಿವರ್ಷವೂ ಮಾಡಿಸತಕ್ಕದ್ದು. ಇವುಗಳ ಮೇಲೆ ನಮಗೆ ವಿಶೇಷವಾಗಿ ಸ್ಫೋಟಕ ಇಲಾಖೆಯ ಪರವಾನಗಿಯಿದೆ. ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಆ ಸಂಸ್ಥೆಯು 2016ರ ಒತ್ತಡ ಪಾತ್ರೆಗಳ ನಿಯಮಾವಳಿಯಂತೆ ಟ್ಯಾಂಕಿಗೆ ಐದು ವರ್ಷಕ್ಕೊಮ್ಮೆ ಜಲಒತ್ತಡದ ಪರೀಕ್ಷೆಯನ್ನೂ, ಸೇಫ್ಟಿ ವಾಲ್ವಿಗೆ ವರ್ಷಕ್ಕೊಮ್ಮೆ ಪರೀಕ್ಷೆಯನ್ನೂ ವಿಧಿಸಿದೆ. ಅನುಭವದಿಂದ ಹೇಳುವುದಾದರೆ, ಆಡಿಟಿನಲ್ಲಿ ಅವಧಿ ಮೀರಿದ ಪತ್ರಗಳಿಗಿಂತ ಹೆಚ್ಚಾಗಿ ತೊಂದರೆ ಕೊಡುವುವು ಪರಸ್ಪರ ಹೊಂದದ ಪತ್ರಗಳು: ಆರ್‌ಸಿಯಲ್ಲಿರುವ ಚಾಸಿ ನಂಬರಿನ ಒಂದು ಅಂಕಿ ಪರವಾನಗಿಯಲ್ಲಿ ಬೇರೆಯಾಗಿರುತ್ತದೆ, ಟ್ಯಾಂಕಿನ ಮೇಲೆ ಕೊರೆದ ನಂಬರು ಪರೀಕ್ಷೆಯ ಪತ್ರದಲ್ಲಿ ತಪ್ಪಿ ಬಿದ್ದಿರುತ್ತದೆ, ಗಾಡಿ ಹಳೆಯ ಚಾಸಿಯಿಂದ ಹೊಸದಕ್ಕೆ ಬದಲಾದುದು ಒಂದು ಇಲಾಖೆಗೆ ತಿಳಿದು ಇನ್ನೊಂದಕ್ಕೆ ತಿಳಿಯದೆ ಉಳಿದಿರುತ್ತದೆ. ಆದುದರಿಂದ ಪತ್ರಗಳನ್ನು ಫೈಲಿನಲ್ಲಿ ಜೋಡಿಸುವುದಕ್ಕೆ ಮೊದಲು ಅವನ್ನು ಕೈಯಲ್ಲಿ ಹಿಡಿದು ಗಾಡಿಯ ಬಳಿಗೆ ಹೋಗಿ, ನೇಮ್‌ಪ್ಲೇಟನ್ನು ಬಟ್ಟೆಯಿಂದ ಒರೆಸಿ, ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಿ ತಾಳೆ ನೋಡಿರಿ. ಪ್ರತಿ ಗಾಡಿಗೂ ಒಂದೇ ಹಾಳೆಯಲ್ಲಿ ಎಲ್ಲ ಅವಧಿಗಳನ್ನೂ ಬರೆದು ಗೋಡೆಗೆ ತೂಗುಹಾಕಿ, ಮೂರು ತಿಂಗಳು ಮೊದಲೇ ನವೀಕರಣಕ್ಕೆ ಕೈಹಾಕುವ ಪದ್ಧತಿಯನ್ನಿಟ್ಟುಕೊಂಡರೆ ಈ ಅಧ್ಯಾಯ ಅಲ್ಲಿಗೆ ಮುಗಿಯಿತು.

ಗಾಡಿಯ ವಿಷಯದಲ್ಲಿ ನಮ್ಮ ಕರಾವಳಿಗೆ ಒಂದು ವಿಶೇಷ ಶತ್ರುವಿದೆ, ಅದು ಉಪ್ಪುಗಾಳಿ. ಬಯಲುಸೀಮೆಯ ಗ್ಯಾರೇಜಿನಲ್ಲಿ ಎರಡು ವರ್ಷ ತಾಳುವ ಬೋಲ್ಟು ಇಲ್ಲಿ ಒಂದು ಮಳೆಗಾಲದಲ್ಲಿಯೇ ತುಕ್ಕು ಹಿಡಿಯುತ್ತದೆ. ಟ್ಯಾಂಕನ್ನು ಚಾಸಿಗೆ ಬಿಗಿದ ಭಾಗಗಳು, ವಾಲ್ವು ಪೆಟ್ಟಿಗೆಯ ಬಾಗಿಲಿನ ಕೀಲು, ಅರ್ತಿಂಗ್ ತಂತಿಯನ್ನು ಸಿಕ್ಕಿಸುವ ಮೊಳೆ, ಬ್ಯಾಟರಿಯ ಸಂಪರ್ಕವನ್ನು ಕಡಿಯುವ ಸ್ವಿಚ್ಚು, ಇವೆಲ್ಲ ಬಣ್ಣದ ಅಡಿಯಲ್ಲಿ ಕಾಣದಂತೆ ಸವೆಯುತ್ತಿರುತ್ತವೆ. ಆಡಿಟಿಗೆಂದು ಹೊಸ ಬಣ್ಣ ಹೊಡೆಸುವ ಪದ್ಧತಿಯನ್ನು ನಾನು ಒಪ್ಪದಿರುವುದಕ್ಕೆ ಇದೇ ಕಾರಣ: ಬಣ್ಣವು ತುಕ್ಕನ್ನು ಪರೀಕ್ಷಕನಿಂದ ಮರೆಮಾಡುವುದಷ್ಟೇ ಅಲ್ಲ, ನಾಳೆ ಅದನ್ನು ಕಾಣಬೇಕಾದ ನಮ್ಮ ಮೆಕ್ಯಾನಿಕ್ಕಿನಿಂದಲೂ ಮರೆಮಾಡುತ್ತದೆ. ಮೊದಲು ಕೆರೆದು ನೋಡಿಸಿ, ಬಳಿಕ ಬಣ್ಣ ಹೊಡೆಸಿರಿ. ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಮೆಯಾಗಕೂಡದೆಂಬುದು ನಿಯಮ. ಶಿರಾಡಿಯ ಮಳೆಯನ್ನು ಕಂಡವರು ಆ ಅಂಚಿನವರೆಗೆ ಕಾಯಬಾರದೆಂಬುದು ನನ್ನ ಅಭಿಪ್ರಾಯ.

ಟ್ಯಾಂಕಿನ ಎಡಬಲಗಳಲ್ಲಿಯೂ ಹಿಂಬದಿಯಲ್ಲಿಯೂ ಇರಬೇಕಾದ ತುರ್ತು ಮಾಹಿತಿಯ ಫಲಕದ ಬಗೆಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಸರಕಿನ ಹೆಸರು, ವಿಶ್ವಸಂಸ್ಥೆಯ ಸಂಖ್ಯೆಯಾದ 1075, ಅಪಾಯದ ಚಿಹ್ನೆ, ಅವಘಡವಾದಾಗ ಕರೆಯಬೇಕಾದ ಫೋನ್ ನಂಬರುಗಳು ಅದರಲ್ಲಿರುತ್ತವೆ. ಬಣ್ಣ ಮಾಸಿದೆಯೇ, ಅಕ್ಷರ ಅಳಿಸಿದೆಯೇ ಎಂದು ನಾವು ನೋಡುತ್ತೇವೆ. ಆ ನಂಬರಿಗೆ ಎಂದಾದರೂ ಕರೆ ಮಾಡಿ ನೋಡಿದ್ದೇವೆಯೇ? ಒಂದು ಸಂಜೆ ನಮ್ಮ ಯಾರ್ಡಿನಲ್ಲಿ ನಿಂತಿದ್ದ ಗಾಡಿಗಳ ಫಲಕಗಳ ಮುಂದೆ ಒಂದೊಂದಾಗಿ ನಿಂತು, ಅಲ್ಲಿ ಬರೆದಿದ್ದ ನಂಬರುಗಳನ್ನು ಒತ್ತುತ್ತ ಹೋದೆ. ಒಂದು ಕಡೆ ನಂಬರು ಬಳಕೆಯಲ್ಲಿಲ್ಲವೆಂಬ ಉತ್ತರ ಬಂತು. ಇನ್ನೊಂದು ಕಡೆ ಮುಚ್ಚಿದ ಕಚೇರಿಯಲ್ಲಿ ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೊಂದನ್ನು ಎತ್ತಿದ ಮಹನೀಯರು ತಾವು ಆ ಕೆಲಸವನ್ನು ಬಿಟ್ಟು ಊರಿಗೆ ಬಂದಿರುವುದಾಗಿ ತಿಳಿಸಿದರು. ಅಪರಾತ್ರಿಯಲ್ಲಿ ಗುಂಡ್ಯದ ಕಾಡಿನಲ್ಲಿ ಟ್ಯಾಂಕರು ಮಗುಚಿದಾಗ, ಅಲ್ಲಿಗೆ ಮೊದಲು ತಲಪಿದ ಪೊಲೀಸ್ ಪೇದೆಯೋ ದಾರಿಹೋಕನೋ ಟಾರ್ಚಿನ ಬೆಳಕಿನಲ್ಲಿ ಓದಿ ಒತ್ತುವ ನಂಬರು ಅದು. ತಾವೆಲ್ಲರೂ ಇಂದೇ ಸಂಜೆ ತಮ್ಮ ತಮ್ಮ ಗಾಡಿಗಳ ಮುಂದೆ ನಿಂತು ಈ ಪರೀಕ್ಷೆಯನ್ನು ಮಾಡಿರಿ. ಇದಕ್ಕೆ ಖರ್ಚಿಲ್ಲ, ಇಲಾಖೆಯ ಅಪ್ಪಣೆ ಬೇಕಿಲ್ಲ.

ಅಂತೆಯೇ ಖಾಲಿ ಟ್ಯಾಂಕರಿನ ವಿಷಯದಲ್ಲಿರುವ ಉಪೇಕ್ಷೆ. ಅನಿಲ ಇಳಿಸಿ ಮರಳುವ ಗಾಡಿಯನ್ನು ನಾವು ಖಾಲಿಯೆನ್ನುತ್ತೇವಾದರೂ ಅದರೊಳಗೆ ಒತ್ತಡದಲ್ಲಿರುವ ಆವಿ ಉಳಿದೇ ಇರುತ್ತದೆ. ಖಾಲಿಯೆಂದು ಬಗೆದು ಗ್ಯಾರೇಜಿನಲ್ಲಿ ವೆಲ್ಡಿಂಗಿಗೆ ಒಡ್ಡುವುದು, ಹೋಟೆಲಿನ ಒಲೆಯ ಪಕ್ಕದಲ್ಲಿ ನಿಲ್ಲಿಸುವುದು, ವಾಲ್ವಿನ ಮುಚ್ಚಳ ಹಾಕದೆ ಹೊರಡುವುದು, ಇವುಗಳನ್ನು ಯಾವ ಪರೀಕ್ಷಕನೂ ನಮ್ಮ ಯಾರ್ಡಿನಲ್ಲಿ ಕಾಣಲಾರ, ಕಾಣಬೇಕಾದವರು ನಾವೇ.

ಈಗ ನಾನು ಮುಖ್ಯವಾಗಿ ಹೇಳಬಯಸಿದ ಮಾತಿಗೆ ಬರುತ್ತೇನೆ. ಆಡಿಟಿನ ಸಿದ್ಧತೆಯನ್ನು ತಾವು ಎಲ್ಲಿಂದಾದರೂ ಆರಂಭಿಸಬೇಕಾದರೆ ಚಾಲಕನ ನಿದ್ದೆಯಿಂದ ಆರಂಭಿಸಿರಿ. ನಮ್ಮ ದಾಖಲೆಗಳಲ್ಲೆಲ್ಲ ಅತ್ಯಂತ ಅಸತ್ಯವಾದುದು ಯಾವುದೆಂದು ಯಾರಾದರೂ ಕೇಳಿದರೆ, ಚಾಲಕನ ದುಡಿಮೆ ಮತ್ತು ವಿಶ್ರಾಂತಿಯ ಲಾಗ್‌ಬುಕ್ಕೆಂದು ನಾನು ಕ್ಷಣವೂ ಯೋಚಿಸದೆ ಉತ್ತರ ಕೊಟ್ಟೇನು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆಯ ದುಡಿಮೆಯ ಬಳಿಕ ಅರ್ಧ ಗಂಟೆಯಾದರೂ ವಿರಾಮ ಎಂಬ ಮಿತಿಯನ್ನು 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯೇ ಹಾಕಿಕೊಟ್ಟಿತ್ತು. ಲಾಗ್‌ಬುಕ್ಕಿನಲ್ಲಿ ಈ ಮಿತಿಗಳು ಅಚ್ಚುಕಟ್ಟಾಗಿ ಪಾಲಿತವಾಗಿರುತ್ತವೆ: ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾಸನದಲ್ಲಿ ವಿಶ್ರಾಂತಿ ಎಂದು ಬರೆದಿರುತ್ತದೆ. ಗಾಡಿಯ ಜಾಡು ತೋರಿಸುವ ವಿಟಿಎಸ್ ತೆರೆದು ನೋಡಿದರೆ ಅದೇ ರಾತ್ರಿ 2 ಗಂಟೆಗೆ ಗಾಡಿ ಕುಣಿಗಲನ್ನು ದಾಟುತ್ತಿರುತ್ತದೆ. ಈಗಿನ ಪರೀಕ್ಷಕರು ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ನೋಡುತ್ತಾರೆ. ಆದುದರಿಂದ ಸುಳ್ಳು ಲಾಗ್‌ಬುಕ್ಕು ಧರ್ಮದ ದೃಷ್ಟಿಯಿಂದಂತೂ ತಪ್ಪೇ, ವ್ಯವಹಾರದ ದೃಷ್ಟಿಯಿಂದಲೂ ನಷ್ಟದ್ದು. ಇದಕ್ಕಿಂತಲೂ ನನ್ನನ್ನು ಹೆಚ್ಚು ನೋಯಿಸುವುದು ಎರಡನೆಯ ಚಾಲಕನ ವಿಷಯ. ಗುತ್ತಿಗೆಯ ಷರತ್ತಿನಂತೆ ಇಬ್ಬರು ಚಾಲಕರಿರಬೇಕಾದಲ್ಲಿ, ಗೇಟಿನ ಪುಸ್ತಕದಲ್ಲಿ ಇಬ್ಬರ ಹೆಸರುಗಳೂ ಇರುತ್ತವೆ. ಕ್ಯಾಬಿನ್ನಿನಲ್ಲಿ ಒಬ್ಬ ಚಾಲಕನೂ ಒಬ್ಬ ಕ್ಲೀನರನೂ ಇರುತ್ತಾರೆ. ಆ ಕ್ಲೀನರನು ಇಪ್ಪತ್ತು ತುಂಬಿದ ಹುಡುಗ; ಘಾಟಿ ಮುಗಿದು ರಸ್ತೆ ನೇರವಾದ ಮೇಲೆ, ಚಾಲಕನ ಕಣ್ಣು ಎಳೆಯತೊಡಗಿದಾಗ, ಸ್ಟಿಯರಿಂಗ್ ಯಾರ ಕೈಗೆ ಹೋಗುತ್ತದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಪಾಯಕಾರಿ ಸರಕಿನ ಗಾಡಿಯನ್ನು ನಡೆಸುವವನಿಗೆ ಮೂರು ದಿನಗಳ ವಿಶೇಷ ತರಬೇತಿಯೂ ಲೈಸೆನ್ಸಿನಲ್ಲಿ ಅದರ ನಮೂದೂ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಾವಳಿಯ 9ನೆಯ ನಿಯಮ ಹೇಳುತ್ತದೆ. 2019ರ ತಿದ್ದುಪಡಿಯ ಬಳಿಕ ಇಂಥ ಲೈಸೆನ್ಸಿನ ಅವಧಿ ಮೂರು ವರ್ಷ. ತರಬೇತಿಯ ಪ್ರಮಾಣಪತ್ರವನ್ನು ಫೈಲಿಗೆ ಸೇರಿಸಿದೊಡನೆ ನಮ್ಮ ಕರ್ತವ್ಯ ತೀರಿತೆಂದು ಭಾವಿಸಬೇಡಿರಿ. ಗಾಡಿ ಗೇಟು ದಾಟುವ ಮೊದಲು ಚಾಲಕನನ್ನು ಪಕ್ಕಕ್ಕೆ ಕರೆದು, ವಾಲ್ವಿನ ಬಳಿ ಸೋರಿಕೆಯ ವಾಸನೆ ಬಂದರೆ ಏನು ಮಾಡುತ್ತೀಯಪ್ಪಾ ಎಂದು ಕೇಳಿರಿ. ಎಂಜಿನ್ ನಿಲ್ಲಿಸಿ ಬ್ಯಾಟರಿಯ ಸ್ವಿಚ್ಚು ತೆಗೆಯುವುದು, ಗಾಳಿ ಬೀಸುವ ದಿಕ್ಕನ್ನು ನೋಡಿ ಅದಕ್ಕೆ ಎದುರಾದ ಕಡೆಗೆ ಸರಿಯುವುದು, ಎರಡೂ ಬದಿಯ ಗಾಡಿಗಳನ್ನು ದೂರದಲ್ಲಿಯೇ ತಡೆಯುವುದು, ಹತ್ತಿರದ ಮನೆಗಳವರಿಗೆ ಒಲೆಯನ್ನಾರಿಸಿ ಹೊರಡಲು ಕೂಗಿ ಹೇಳುವುದು, ಮೊಬೈಲನ್ನು ಅಲ್ಲಿ ನಿಂತು ತೆರೆಯದೆ ದೂರ ಹೋಗಿ ಕರೆ ಮಾಡುವುದು, ಇವನ್ನು ಅವನು ತಡವರಿಸದೆ ಹೇಳಬೇಕು. ನಮ್ಮ ಗಾಡಿಗಳನ್ನು ನಡೆಸುವವರಲ್ಲಿ ತುಳು, ಬ್ಯಾರಿ, ಮಲಯಾಳ ಮನೆಮಾತಿನವರೂ, ನಾಮಕ್ಕಲ್ಲಿನ ಕಡೆಯಿಂದ ಬಂದ ತಮಿಳರೂ ಇದ್ದಾರೆ. ಕ್ಯಾಬಿನ್ನಿನಲ್ಲಿ ತೂಗಾಡುವ, ತುರ್ತು ಸೂಚನೆಗಳುಳ್ಳ ಟ್ರೆಮ್ ಕಾರ್ಡಿನ ಇಂಗ್ಲಿಷ್ ಅಕ್ಷರಗಳು ಗಾಬರಿಯ ಹೊತ್ತಿನಲ್ಲಿ ಅವರಿಗೆ ಒದಗಲಾರವು. ಅವರವರ ಮಾತಿನಲ್ಲಿ ಕೂಡಿಸಿ ಹೇಳಿಕೊಡಬೇಕು, ತಿಂಗಳಿಗೊಮ್ಮೆಯಾದರೂ ಮತ್ತೆ ಹೇಳಿಸಬೇಕು. ಕ್ಲೀನರನನ್ನೂ ಈ ಪಾಠದಿಂದ ಹೊರಗಿಡಬೇಡಿರಿ.

ದೋಷಗಳ ಪುಸ್ತಕವೊಂದನ್ನು ಪ್ರತಿ ಗಾಡಿಯಲ್ಲಿಯೂ ಇಡುತ್ತೇವಷ್ಟೆ. ಅದು ಬರಿದಾಗಿದ್ದರೆ ಆಡಿಟಿನಲ್ಲಿ ಗೌರವ ಹೆಚ್ಚೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. ಘಾಟಿಯಲ್ಲಿ ದುಡಿಯುವ ಗಾಡಿಗೆ ವರ್ಷವಿಡೀ ಒಂದು ಬ್ರೇಕಿನ ದೂರೂ ಇಲ್ಲವೆಂದರೆ ಬುದ್ಧಿವಂತನಾದ ಪರೀಕ್ಷಕನು ಅದನ್ನು ನಂಬುವುದಿಲ್ಲ. ಚಾಲಕನು ದೂರು ಹೇಳಲು ಹೆದರುತ್ತಾನೆಂದೇ ಅರ್ಥಮಾಡಿಕೊಳ್ಳುತ್ತಾನೆ. ಬ್ರೇಕು ಒಂದು ಬದಿಗೆ ಎಳೆಯುತ್ತಿದೆಯೆಂದು ಹೇಳಿ ಗಾಡಿಯನ್ನು ತಡೆದು ನಿಲ್ಲಿಸಿದ ಚಾಲಕನು ಆ ಟ್ರಿಪ್ಪಿನ ಭತ್ತೆಯನ್ನು ಕಳೆದುಕೊಳ್ಳುವ ವ್ಯವಸ್ಥೆಯಿರುವವರೆಗೆ ಆ ಪುಸ್ತಕ ಬರಿದಾಗಿಯೇ ಇರುವುದು. ದೋಷ, ಅದನ್ನು ಬರೆದವನ ಸಹಿ, ಸರಿಪಡಿಸಿದ ದಿನ, ಬಿಡಿಭಾಗದ ಬಿಲ್ಲು, ಈ ನಾಲ್ಕು ಒಂದೇ ಸಾಲಿನಲ್ಲಿರುವ ಪುಸ್ತಕಕ್ಕಿಂತ ಪ್ರಬಲವಾದ ಸಾಕ್ಷ್ಯವನ್ನು ಯಾವ ಆಡಿಟಿನ ಮುಂದೆಯೂ ನಾವು ಇಡಲಾರೆವು.

ತಮ್ಮ ಕಡೆಯ ಕಷ್ಟಗಳನ್ನು ನಾನು ಮರೆತಿಲ್ಲ. ಬಾಡಿಗೆಯ ಬಿಲ್ಲು ತಡವಾಗಿ ಕೈಸೇರುತ್ತದೆ, ಬ್ಯಾಂಕಿನ ಕಂತು ತಡೆಯುವುದಿಲ್ಲ. ಲೋಡಿಂಗಿನ ಸಾಲಿನಲ್ಲಿ ಹಗಲೆಲ್ಲ ಬಿಸಿಲಿನಲ್ಲಿ ಕಾದ ಚಾಲಕನು ಗಾಡಿ ತುಂಬಿದೊಡನೆ, ದಣಿದ ಮೈಯಲ್ಲಿಯೇ, ರಾತ್ರಿಯ ಘಾಟಿಗೆ ಹೊರಡಬೇಕಾಗುತ್ತದೆ. ಹೆದ್ದಾರಿಯ ಬದಿಯಲ್ಲಿ ಟ್ಯಾಂಕರನ್ನು ನಿಲ್ಲಿಸಿ ಮಲಗಲು ನೆರಳು, ನೀರು, ಶೌಚಾಲಯಗಳುಳ್ಳ ಸ್ಥಳ ದುರ್ಲಭ. ಹೊಸದಾಗಿ ತಯಾರಾಗುವ ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿರುವುದು ಒಳ್ಳೆಯ ಮಾತೇ. ಆದರೆ ಈಗ ಓಡುತ್ತಿರುವ ಗಾಡಿಗಳಲ್ಲಿ, ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಿ, ಎಂಜಿನ್ನಿನ ಪಕ್ಕದ ಹಲಗೆಯ ಮೇಲೆ ಮಲಗಿದವನಿಗೆ ಬರುವ ನಿದ್ದೆ ಎಂಥದೆಂಬುದನ್ನು ಹಗಲು ಎರಡು ಗಂಟೆಗೆ ಆ ಹಲಗೆಯ ಮೇಲೆ ಒರಗಿದವರು ಮಾತ್ರ ಬಲ್ಲರು. ಇವುಗಳಲ್ಲಿ ಕೆಲವಕ್ಕೆ ಪರಿಹಾರ ಕಂಪೆನಿಗಳ ಕೈಯಲ್ಲಿದೆ, ಕೆಲವಕ್ಕೆ ಸರಕಾರದ ಕೈಯಲ್ಲಿದೆ. ಆಡಿಟಿನ ವರದಿಯಲ್ಲಿ ಮಾಲೀಕರ ಹೇಳಿಕೆಗೆಂದು ಸ್ಥಳವಿರುತ್ತದೆ. ಅಲ್ಲಿ ಎಲ್ಲವೂ ಸರಿಯಿದೆಯೆಂದು ಬರೆದು ಸಹಿ ಹಾಕುವ ಬದಲು ಲೋಡಿಂಗಿನಲ್ಲಿ ಕಾದ ಗಂಟೆಗಳನ್ನೂ ನಿಲುಗಡೆಯ ಸ್ಥಳವಿಲ್ಲದಿರುವುದನ್ನೂ ತಾರೀಖು ಸಹಿತ ದಾಖಲಿಸಿರಿ. ಒಬ್ಬರೇ ಬರೆದರೆ ಮುಂದಿನ ಗುತ್ತಿಗೆಗೆ ಅಡ್ಡಿಯಾದೀತೆಂಬ ಶಂಕೆ ಸಹಜ. ಆದುದರಿಂದಲೇ ಎಲ್ಲರೂ ಒಂದೇ ಒಕ್ಕಣೆಯಲ್ಲಿ ಬರೆಯಬೇಕೆನ್ನುತ್ತೇನೆ.

ನಮ್ಮ ಕೈಯಲ್ಲಿಯೇ ಇರುವುದು ಎರಡು ಕೆಲಸ. ಟ್ರಿಪ್ಪಿನ ಲೆಕ್ಕದಲ್ಲಿ ಮಾತ್ರ ಭತ್ತೆ ಕೊಡುವ ಪದ್ಧತಿಯು ಚಾಲಕನನ್ನು ಮಲಗದಂತೆ ಮಾಡುತ್ತದೆ. ಅವನು ನಿಂತು ಮಲಗಿದ ರಾತ್ರಿಗೂ ಭತ್ತೆಯಿರಲಿ, ಅದನ್ನು ವಿಟಿಎಸ್ಸಿನ ನಿಲುಗಡೆಯೊಡನೆ ತಾಳೆ ನೋಡಿ ಪಾವತಿ ಮಾಡಿರಿ, ಆಗ ಲಾಗ್‌ಬುಕ್ಕು ತಾನಾಗಿಯೇ ನಿಜವಾಗುವುದು. ಎರಡನೆಯದಾಗಿ, ಗೇಟಿನ ಪುಸ್ತಕದಲ್ಲಿ ಹೆಸರಿರುವ ಇಬ್ಬರು ಚಾಲಕರೂ ಕ್ಯಾಬಿನ್ನಿನಲ್ಲಿರದೆ ಗಾಡಿಯನ್ನು ಹೊರಡಿಸುವುದಿಲ್ಲವೆಂದು ಎಲ್ಲರೂ ಕೂಡಿ ನಿಶ್ಚಯಿಸಿರಿ. ಒಬ್ಬರು ಮಾತ್ರ ನಿಶ್ಚಯಿಸಿದರೆ ಅವರ ಲೋಡು ಪಕ್ಕದವರ ಪಾಲಾಗುವುದೆಂಬ ಭಯಕ್ಕೆ ಆಗ ಎಡೆಯಿರುವುದಿಲ್ಲ. ಇದರಿಂದ ಪ್ರತಿ ಟ್ರಿಪ್ಪಿಗೂ ಖರ್ಚು ಹೆಚ್ಚುವುದು ನಿಜ. ಆ ಖರ್ಚನ್ನು ಬಾಡಿಗೆಯ ದರದಲ್ಲಿ ಕೇಳಬೇಕಾದುದು ನ್ಯಾಯ. ಸುಳ್ಳು ಹೆಸರನ್ನು ಬರೆದುಕೊಟ್ಟಿರುವವರೆಗೆ ಅದನ್ನು ಕೇಳುವ ಬಾಯಿ ನಮಗಿರುವುದಿಲ್ಲ.

ತಮ್ಮ ಮುಂದಿನ ಮಾಸಿಕ ಸಭೆಯಲ್ಲಿ, ಆಡಿಟಿನ ಫೈಲುಗಳ ಚರ್ಚೆಗೆ ಮುಂಚೆ, ಈ ಎರಡು ವಿಷಯಗಳನ್ನು ಎತ್ತಿಕೊಳ್ಳಬೇಕೆಂದೂ, ಆ ಸಭೆಗೆ ಚಾಲಕರಲ್ಲಿ ನಾಲ್ವರನ್ನಾದರೂ ಕರೆಸಿ ಕುರ್ಚಿ ಕೊಟ್ಟು ಕೂಡಿಸಿ ಅವರ ಮಾತನ್ನು ಮೊದಲು ಕೇಳಬೇಕೆಂದೂ ಬಿನ್ನವಿಸುತ್ತೇನೆ. ಅದಕ್ಕೆ ಲೋಡಿಂಗ್ ಇಲ್ಲದ ಭಾನುವಾರವನ್ನು ಆರಿಸಿಕೊಂಡರೆ ಅವರಿಗೆ ಬರಲು ಅನುಕೂಲ.

ಇತಿ ತಮ್ಮ ವಿಶ್ವಾಸಿ,
ಬೈಕಂಪಾಡಿಯ ಒಬ್ಬ ಸಾರಿಗೆ ಗುಮಾಸ್ತ